ವ್ಯಾಕರಣವಿಲ್ಲದ ನುಡಿ ಯಾವುದು?



ವಿದ್ಯಾವಂತರೆನಿಸಿಕೊಂಡವರ ಬಾಯಿಂದ ಪದೇ ಪದೇ ಕೇಳಿಬರುವ ಮೂರು ಮಾತುಗಳಿವೆ. ಒಂದು, ‘ಹಳ್ಳಿಗರ ಮಾತಿಗೆ ವ್ಯಾಕರಣವಿಲ್ಲ.’ ಎರಡು, ‘ಸಂಸ್ಕೃತದಿಂದ ಪಡೆದುದನ್ನು ಬಿಟ್ಟರೆ ಕನ್ನಡಕ್ಕೆ ಸ್ವಂತದ್ದೆಂಬ ವ್ಯಾಕರಣವಿಲ್ಲ.’ ಮೂರು, ‘ಇಂಗ್ಲಿಷಿನಷ್ಟು ಕ್ರಮಬದ್ಧವಾದ ಭಾಷೆ ಲೋಕದಲ್ಲಿ ಇನ್ನೊಂದಿಲ್ಲ.’ ಕೇಳುವುದಕ್ಕೆ ಇವು ಬೇರೆ ಬೇರೆ ಅಭಿಪ್ರಾಯಗಳಂತೆ ತೋರುತ್ತವೆ. ಆದರೆ ಇವುಗಳ ಬೇರು ಒಂದೇ. ತನಗೆ ಗೊತ್ತಿರುವ ಒಂದು ಭಾಷೆಯ ಕಟ್ಟನ್ನೇ ಅಳತೆಗೋಲಾಗಿ ಹಿಡಿದು, ಆ ಅಳತೆಗೆ ಒಗ್ಗದ್ದೆಲ್ಲವೂ ಅಶುದ್ಧವೆಂದು ತೀರ್ಪು ಕೊಡುವ ಅಹಂಕಾರವೇ ಆ ಬೇರು. ಈ ಮೂರು ಮಾತುಗಳೂ ಸುಳ್ಳು. ಸುಳ್ಳು ಮಾತ್ರವಲ್ಲ, ಶಾಲೆಗಳಲ್ಲಿ ಕುಳಿತ ಎಳೆಯ ಮಕ್ಕಳ ಮನಸ್ಸಿಗೆ ಅವು ನಿತ್ಯವೂ ಗಾಯ ಮಾಡುತ್ತಿವೆ. ಆದುದರಿಂದ ಇವುಗಳನ್ನು ಖಂಡಿಸುವುದು ಬರಿಯ ಪಂಡಿತರ ವಾದವಲ್ಲ, ನಮ್ಮೆಲ್ಲರ ಕರ್ತವ್ಯ.

ಮೊದಲು ವ್ಯಾಕರಣವೆಂದರೇನು ಎಂಬುದನ್ನು ವಿಚಾರಿಸೋಣ. ಈ ಪ್ರಶ್ನೆಗೆ ಉತ್ತರವನ್ನು ಹುಡುಕಿಕೊಂಡು ಹೊರದೇಶಗಳಿಗೆ ಹೋಗಬೇಕಾಗಿಲ್ಲ. ಮಹಾಭಾಷ್ಯವನ್ನು ರಚಿಸಿದ ಪತಂಜಲಿ ಮಹರ್ಷಿಯು ಎರಡು ಸಾವಿರ ವರ್ಷಗಳಿಗೂ ಹಿಂದೆಯೇ ಒಂದು ಸೊಗಸಾದ ದೃಷ್ಟಾಂತವನ್ನು ಕೊಟ್ಟಿದ್ದಾನೆ. ಗಡಿಗೆ ಬೇಕಾದವನು ಕುಂಬಾರನ ಮನೆಗೆ ಹೋಗಿ ಗಡಿಗೆ ಮಾಡಿಕೊಡೆಂದು ಕೇಳುತ್ತಾನೆ. ಆದರೆ ಮಾತನಾಡಬೇಕಾದವನು ವೈಯಾಕರಣನ ಮನೆಗೆ ಹೋಗಿ ತನಗೆ ಶಬ್ದಗಳನ್ನು ಮಾಡಿಕೊಡೆಂದು ಕೇಳುವುದಿಲ್ಲ. ಇದರ ತಾತ್ಪರ್ಯವನ್ನು ಗಮನಿಸಬೇಕು. ಶಬ್ದವು ಲೋಕದಲ್ಲಿ ಮೊದಲೇ ಇದೆ, ಅದರ ನಿಯಮವೂ ಆಡುವ ಜನರಲ್ಲಿ ಮೊದಲೇ ನೆಲೆಸಿದೆ. ವೈಯಾಕರಣನು ಅದನ್ನು ಕಂಡು ಬರೆಯುವವನೇ ಹೊರತು ಹುಟ್ಟಿಸುವವನಲ್ಲ. ಪುಸ್ತಕವಿಲ್ಲದಿದ್ದರೆ ವ್ಯಾಕರಣವೇ ಇಲ್ಲವೆನ್ನುವುದು, ವೈದ್ಯನು ನಾಡಿ ಹಿಡಿಯುವ ತನಕ ರೋಗಿಯಲ್ಲಿ ರಕ್ತವೇ ಹರಿಯುತ್ತಿರಲಿಲ್ಲ ಎಂದಂತೆ.

ಹಳೆಯ ಆಚಾರ್ಯರ ಹೆಸರನ್ನು ಹೇಳಿ ಹಳ್ಳಿಯ ನುಡಿಯನ್ನು ಜರೆಯುವವರು ಆ ಆಚಾರ್ಯರನ್ನೇ ಸರಿಯಾಗಿ ಓದಿಲ್ಲ. ಪಾಣಿನಿಯು ಸುಮಾರು 4000 ಸೂತ್ರಗಳ ತನ್ನ ಅಷ್ಟಾಧ್ಯಾಯಿಯಲ್ಲಿ ಪೂರ್ವದೇಶದವರ ಪ್ರಯೋಗವಿದು, ಉತ್ತರದೇಶದವರ ಪ್ರಯೋಗವಿದು ಎಂದು ಅಲ್ಲಲ್ಲಿ ಬೇರ್ಪಡಿಸಿ ಹೇಳಿದ್ದಾನೆ. ಕಾಂಬೋಜದಲ್ಲಿ ‘ಹೋಗು’ ಎಂಬ ಅರ್ಥದಲ್ಲಿ ಬಳಕೆಯಲ್ಲಿದ್ದ ಒಂದು ಧಾತುವಿನಿಂದ ಆರ್ಯದೇಶದಲ್ಲಿ ಹೆಣವನ್ನು ಹೇಳುವ ಶಬ್ದ ಮಾತ್ರ ಉಳಿದಿದೆಯೆಂದು ಪತಂಜಲಿಯು ದಾಖಲಿಸಿದ್ದಾನೆ. ಅದೇ ಮಹಾಭಾಷ್ಯದಲ್ಲಿ ‘ಯರ್ವಾಣತರ್ವಾಣ’ರೆಂಬ ಋಷಿಗಳ ಪ್ರಸ್ತಾಪವಿದೆ. ‘ಯದ್ವಾ ನಃ, ತದ್ವಾ ನಃ’ ಎನ್ನಬೇಕಾದಲ್ಲಿ ಅವರು ದಿನಬಳಕೆಯಲ್ಲಿ ‘ಯರ್ವಾಣ, ತರ್ವಾಣ’ ಎಂದೇ ಆಡುತ್ತಿದ್ದರು. ಯಜ್ಞಕರ್ಮದಲ್ಲಿ ಮಾತ್ರ ಶಿಷ್ಟರೂಪವನ್ನು ಬಳಸುತ್ತಿದ್ದರು. ಹಾಗೆ ಆಡಿದ್ದರಿಂದ ಅವರ ಋಷಿತ್ವಕ್ಕೆ ಕುಂದು ಬರಲಿಲ್ಲ. ಸಂದರ್ಭಕ್ಕೆ ತಕ್ಕ ಎರಡು ನುಡಿಗಳನ್ನು ಒಬ್ಬನೇ ಮನುಷ್ಯನು ಮರ್ಯಾದೆಯಿಂದ ಇಟ್ಟುಕೊಳ್ಳಬಹುದೆಂಬುದು ಇಷ್ಟು ಹಳೆಯ ತಿಳಿವಳಿಕೆ.

ಇನ್ನು ಲೋಕದ ಭಾಷೆಗಳನ್ನು ನೋಡೋಣ. ಇಂದು ಭೂಮಿಯ ಮೇಲೆ ಸುಮಾರು 7000 ಭಾಷೆಗಳಿವೆಯೆಂದು ವಿದ್ವಾಂಸರ ಎಣಿಕೆ. ಅವುಗಳ ರಚನೆಯ ವೈವಿಧ್ಯ ಬೆರಗು ಹುಟ್ಟಿಸುವಂತಹದು. ‘ರಾಮನು ಹಣ್ಣನ್ನು ತಿಂದನು’ ಎಂದು ನಾವು ಕ್ರಿಯಾಪದವನ್ನು ಕೊನೆಗೆ ಇಡುತ್ತೇವೆ. ಜಪಾನಿನವರೂ ತುರ್ಕರೂ ಹಾಗೆಯೇ ಮಾಡುತ್ತಾರೆ. ಇಂಗ್ಲಿಷಿನವರು ಅದನ್ನು ನಡುವೆ ಇಡುತ್ತಾರೆ. ಅದೇ ಇಂಗ್ಲೆಂಡಿನ ಪಕ್ಕದ ವೇಲ್ಸ್ ನಾಡಿನ ಭಾಷೆಯಲ್ಲಿ ಕ್ರಿಯಾಪದ ಮೊದಲು ಬರುತ್ತದೆ. ಮಡಗಾಸ್ಕರ್ ದ್ವೀಪದ ಮಲಗಾಸಿ ಭಾಷೆಯಲ್ಲಿ ಕ್ರಿಯೆ ಮೊದಲು, ಕರ್ತೃ ಕೊನೆಗೆ. ಬ್ರೆಜಿಲ್ ದೇಶದ ಅಡವಿಯ ಹಿಷ್ಕರ್ಯಾನ ಎಂಬ ಚಿಕ್ಕ ಭಾಷೆಯಲ್ಲಿ ಕರ್ಮಪದವೇ ಮೊದಲು ಬಂದು ಕರ್ತೃವು ಕಟ್ಟಕಡೆಗೆ ನಿಲ್ಲುತ್ತದೆ. ಇವುಗಳಲ್ಲಿ ಯಾವುದು ಸಹಜ, ಯಾವುದು ವಕ್ರ? ಅವರವರ ಮಕ್ಕಳು ಅವರವರ ಕ್ರಮವನ್ನು ಮೂರು ನಾಲ್ಕು ವರ್ಷದೊಳಗೆ ಯಾರ ಪಾಠವೂ ಇಲ್ಲದೆ ಕಲಿತುಬಿಡುತ್ತಾರೆ.

ಲಿಂಗವ್ಯವಸ್ಥೆಯನ್ನು ತೆಗೆದುಕೊಳ್ಳಿ. ಸಂಸ್ಕೃತದಲ್ಲಿ ಹೆಂಡತಿ ಎಂಬರ್ಥದ ‘ಭಾರ್ಯಾ’ ಸ್ತ್ರೀಲಿಂಗ, ‘ಕಲತ್ರ’ ನಪುಂಸಕಲಿಂಗ, ‘ದಾರಾ’ ಪುಲ್ಲಿಂಗ, ಅದೂ ಬಹುವಚನದಲ್ಲಿ! ಜರ್ಮನ್ ಭಾಷೆಯಲ್ಲಿ ಹುಡುಗಿಯನ್ನು ಸೂಚಿಸುವ ಶಬ್ದ ನಪುಂಸಕಲಿಂಗ. ಕನ್ನಡದಲ್ಲಿ ಲಿಂಗವು ಬಹುಮಟ್ಟಿಗೆ ಅರ್ಥವನ್ನೇ ಅನುಸರಿಸುತ್ತದೆ. ಫಿನ್‌ಲೆಂಡಿನ ಭಾಷೆಯಲ್ಲಿ ಅವನು, ಅವಳು ಎಂಬ ಭೇದವೇ ಇಲ್ಲ. ಪೂರ್ವ ಆಫ್ರಿಕದ ಸ್ವಾಹಿಲಿ ಭಾಷೆಯಲ್ಲಿ ನಾಮಪದಗಳಿಗೆ ಹತ್ತಕ್ಕೂ ಮಿಕ್ಕಿ ವರ್ಗಗಳಿವೆ, ವರ್ಗವನ್ನು ಶಬ್ದದ ಮೊದಲ ಅಕ್ಷರಗಳು ತೋರಿಸುತ್ತವೆ. ಅರಬ್ಬಿಯ ‘ಕಿತಾಬ್’ ಆ ಭಾಷೆಗೆ ಹೋಗಿ ‘ಕಿತಾಬು’ ಆಯಿತು. ‘ಕಿ’ ಎಂಬುದನ್ನು ತಮ್ಮ ವರ್ಗಸೂಚಕವೆಂದೇ ಭಾವಿಸಿ ಆ ಜನರು ಬಹುವಚನದಲ್ಲಿ ‘ವಿತಾಬು’ ಎಂದರು. ಅರಬ್ಬಿ ಪಂಡಿತನು ಇದನ್ನು ಕೇಳಿ ನಕ್ಕರೆ ಆ ನಗೆ ಅವನ ಅಜ್ಞಾನದ್ದು. ಸ್ವಾಹಿಲಿಯ ನಿಯಮದ ಪ್ರಕಾರ ಅದು ನೂರಕ್ಕೆ ನೂರು ಶುದ್ಧ.

ಇನ್ನೊಂದು ಸೂಕ್ಷ್ಮವಿದೆ. ರೋಮನ್ ಯಾಕೋಬ್ಸನ್ ಎಂಬ ಭಾಷಾಶಾಸ್ತ್ರಜ್ಞನು 1959ರಲ್ಲಿ ಇದನ್ನು ಸ್ಪಷ್ಟವಾಗಿ ವಿವರಿಸಿದನು. ಭಾಷೆಗಳ ನಡುವಿನ ಮುಖ್ಯ ಭೇದವಿರುವುದು ಅವು ಏನನ್ನು ಹೇಳಬಲ್ಲವು ಎಂಬುದರಲ್ಲಿ ಅಲ್ಲ, ಏನನ್ನು ಹೇಳಲೇಬೇಕಾಗುತ್ತದೆ ಎಂಬುದರಲ್ಲಿ. ತುರ್ಕಿ ಭಾಷೆಯಲ್ಲಿ ‘ಬಂದನು’ ಎನ್ನುವಾಗ, ಖುದ್ದಾಗಿ ಬಲ್ಲ ಸಂಗತಿಯಾದರೆ ‘ಗೆಲ್ದಿ’, ಕೇಳಿದ್ದು ಅಥವಾ ಊಹಿಸಿದ್ದಾದರೆ ‘ಗೆಲ್ಮಿಶ್’ ಎನ್ನಬೇಕು. ದಕ್ಷಿಣ ಅಮೆರಿಕದ ತುಯುಕಾ ಭಾಷೆಯಲ್ಲಿ ಇಂತಹ ಐದು ಭೇದಗಳಿವೆ: ಕಣ್ಣಾರೆ ಕಂಡದ್ದು, ಬೇರೆ ಇಂದ್ರಿಯದಿಂದ ಅರಿತದ್ದು, ಕುರುಹಿನಿಂದ ತಿಳಿದದ್ದು, ಇನ್ನೊಬ್ಬರು ಹೇಳಿದ್ದು, ಊಹಿಸಿದ್ದು. ಯಾವುದೆಂದು ಸೂಚಿಸದೆ ವಾಕ್ಯ ಮುಗಿಯುವುದಿಲ್ಲ. ಪ್ರತ್ಯಕ್ಷ, ಅನುಮಾನ, ಆಪ್ತವಾಕ್ಯಗಳೆಂದು ನಮ್ಮ ತಾರ್ಕಿಕರು ವಿಂಗಡಿಸಿದ ಪ್ರಮಾಣಗಳಿಗೆ ಹತ್ತಿರವಾದ ವಿಭಾಗ ಅಲ್ಲಿನ ಅಡವಿವಾಸಿಗಳ ಕ್ರಿಯಾಪದದಲ್ಲಿಯೇ ಅಡಗಿದೆ! ನಮ್ಮ ಹಳ್ಳಿಯ ಅಜ್ಜಿಯೂ ‘ಬಂದ’ ಎನ್ನುವುದಕ್ಕೂ ‘ಬಂದನಂತೆ’ ಎನ್ನುವುದಕ್ಕೂ ಇರುವ ಅಂತರವನ್ನು ಎಂದೂ ಮರೆಯುವುದಿಲ್ಲ. ಈ ‘ಅಂತೆ’ಯನ್ನು ಹೇಳಲು ಇಂಗ್ಲಿಷಿನಲ್ಲಿ ಬೇರೆ ಪದಗಳನ್ನೇ ಸೇರಿಸಬೇಕಾಗುತ್ತದೆ.

ಹಾಗೆಯೇ ‘ನಾವು’ ಎಂಬ ಶಬ್ದ. ಕೇಳುವವನನ್ನು ಸೇರಿಸಿ ಹೇಳುವ ನಾವು ಬೇರೆ, ಅವನನ್ನು ಬಿಟ್ಟು ಹೇಳುವ ನಾವು ಬೇರೆ. ತೆಲುಗಿನಲ್ಲಿ ಮನಮು, ಮೇಮು. ತಮಿಳಿನಲ್ಲಿ ನಾಮ್, ನಾಂಗಳ್. ತುಳುವಿನಲ್ಲಿ ನಮ, ಎಂಕುಳು. ಮರಾಠಿಯಲ್ಲಿ ಆಪಣ್, ಆಮ್ಹಿ. ಇಂದಿನ ಕನ್ನಡದಲ್ಲಿ ಎರಡಕ್ಕೂ ಒಂದೇ ‘ನಾವು’. ಇಂಗ್ಲಿಷಿನಲ್ಲಿಯೂ ಒಂದೇ. ಹಾಗಾದರೆ ತುಳುವರು ಬುದ್ಧಿವಂತರು, ಕನ್ನಡಿಗರೂ ಇಂಗ್ಲಿಷರೂ ದಡ್ಡರು ಎನ್ನೋಣವೆ? ಯಾರೂ ಹಾಗೆ ಹೇಳುವುದಿಲ್ಲ. ಆದರೆ ಇಂಗ್ಲಿಷಿನಲ್ಲಿದ್ದು ಕನ್ನಡದಲ್ಲಿ ಇಲ್ಲದ್ದೊಂದು ಸಿಕ್ಕರೆ ಮಾತ್ರ, ನಮ್ಮ ಭಾಷೆ ಬಡವಾದದ್ದೆಂದು ನಮ್ಮವರೇ ತಲೆ ತಗ್ಗಿಸುತ್ತಾರೆ. ಒಂದೇ ತಕ್ಕಡಿಯಲ್ಲಿ ಎರಡು ಬಗೆಯ ತೂಕದ ಕಲ್ಲುಗಳು!

ಇಂಗ್ಲಿಷಿನ ಕಥೆಯನ್ನೂ ಕೇಳಿ. ಒಂದು ಕಾಲದಲ್ಲಿ ಅದೂ ಲ್ಯಾಟಿನ್ ಭಾಷೆಯ ಎದುರು ನಾಚಿಕೆಯಿಂದ ನಿಂತಿತ್ತು. ರಾಬರ್ಟ್ ಲೌತ್ ಎಂಬ ಪಾದ್ರಿಯು 1762ರಲ್ಲಿ ಪ್ರಕಟಿಸಿದ ಇಂಗ್ಲಿಷ್ ವ್ಯಾಕರಣದಲ್ಲಿ ದೊಡ್ಡ ಕವಿಗಳ ಮಾತಿನಲ್ಲಿಯೂ ತಪ್ಪುಗಳನ್ನು ಎಣಿಸಿದನು. ಒಂದು ವಾಕ್ಯದಲ್ಲಿ ಎರಡು ನಿಷೇಧಗಳು ಬಂದರೆ ಅವು ಒಂದನ್ನೊಂದು ಅಳಿಸಿಹಾಕುತ್ತವೆಂದು ಅವನ ನಿಯಮ. ರಷ್ಯನ್ ಭಾಷೆಯಲ್ಲಿ ಎರಡು ನಿಷೇಧಗಳು ಕೂಡಿ ಬರುವುದೇ ಕಡ್ಡಾಯ. ಇಂಗ್ಲಿಷಿನ ಹಳೆಯ ಮಹಾಕವಿ ಚಾಸರನೂ ಹಾಗೆಯೇ ಬರೆದಿದ್ದನು. ಗಣಿತದ ಲೆಕ್ಕವನ್ನು ನುಡಿಯ ಮೇಲೆ ಹೇರಿದರೆ ಆಗುವ ಅವಸ್ಥೆಯಿದು. ಇನ್ನು ಚೀನೀ ಭಾಷೆಯ ಕ್ರಿಯಾಪದಕ್ಕೆ ಕಾಲಪ್ರತ್ಯಯಗಳಿಲ್ಲ, ವಿಭಕ್ತಿಗಳಿಲ್ಲ, ಲಿಂಗಭೇದವಿಲ್ಲ. ಸಂಸ್ಕೃತದ ಅಳತೆಗೋಲಿನಿಂದ ನೋಡಿದರೆ ಅದಕ್ಕೆ ವ್ಯಾಕರಣವೇ ಇಲ್ಲ. ಆದರೆ ಆ ಭಾಷೆಯಲ್ಲಿ ಮೂರು ಸಾವಿರ ವರ್ಷಗಳ ಬರೆಹವಿದೆ, ದರ್ಶನವಿದೆ, ಕಾವ್ಯವಿದೆ. ಪ್ರತ್ಯಯಗಳು ಮಾಡುವ ಕೆಲಸವನ್ನು ಅಲ್ಲಿ ಪದಗಳ ಕ್ರಮವೂ ಸಣ್ಣ ಸಣ್ಣ ಅವ್ಯಯಗಳೂ ಮಾಡುತ್ತವೆ.

ಈಗ ನಮ್ಮ ಮನೆಗೆ ಬರೋಣ. ‘ಮರದ ದೆಸೆಯಿಂದ’ ಎಂಬ ಪಂಚಮೀ ವಿಭಕ್ತಿಯನ್ನು ಶಾಲೆಯಲ್ಲಿ ಎಲ್ಲರೂ ಬಾಯಿಪಾಠ ಮಾಡಿದ್ದೇವೆ. ‘ಮರದ ದೆಸೆಯಿಂದ ಹಣ್ಣು ಬಿತ್ತು’ ಎಂದು ಯಾವ ಕನ್ನಡಿಗನಾದರೂ ಮಾತನಾಡಿದ್ದುಂಟೆ? ‘ಮರದಿಂದ ಬಿತ್ತು’ ಎನ್ನುತ್ತೇವೆ. ‘ಕೊಡಲಿಯಿಂದ ಕಡಿದ’ ಎಂಬಲ್ಲಿಯೂ ಅದೇ ಪ್ರತ್ಯಯ. ಕನ್ನಡವು ಒಂದು ಪ್ರತ್ಯಯದಿಂದ ಎರಡು ಕೆಲಸ ಮಾಡಿಕೊಂಡಿದೆ. ಆದರೆ ಸಂಸ್ಕೃತದ ಪಟ್ಟಿಯಲ್ಲಿ ಒಂದು ಮನೆ ಖಾಲಿ ಉಳಿಯಬಾರದೆಂದು ಇಲ್ಲದ್ದೊಂದನ್ನು ತಂದು ತುಂಬಿದರು. ಕೇಶಿರಾಜನು 13ನೆಯ ಶತಮಾನದಲ್ಲಿಯೇ ಶಬ್ದಮಣಿದರ್ಪಣದಲ್ಲಿ ಗಮಕಸಮಾಸವೇ ಮೊದಲಾದ ಕನ್ನಡದ ಅಸಾಧಾರಣ ಲಕ್ಷಣಗಳನ್ನು ಹೆಮ್ಮೆಯಿಂದ ಎಣಿಸಿದ್ದನು. ಭಟ್ಟಾಕಳಂಕನು 1604ರಲ್ಲಿ 592 ಸಂಸ್ಕೃತ ಸೂತ್ರಗಳಲ್ಲಿ ಕನ್ನಡಕ್ಕೆ ವ್ಯಾಕರಣವನ್ನು ಬರೆದು, ಶಾಸ್ತ್ರಕ್ಕೆ ಕನ್ನಡವು ಯೋಗ್ಯವಲ್ಲವೆಂಬ ವಾದವನ್ನು ಸಂಸ್ಕೃತದಲ್ಲಿಯೇ ತಳ್ಳಿಹಾಕಿದನು. ನಮ್ಮ ಕಾಲದಲ್ಲಿ ಡಿ. ಎನ್. ಶಂಕರ ಭಟ್ಟರು ‘ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ’ ಎಂದು ಗ್ರಂಥವನ್ನೇ ಬರೆದರು. ಅವರ ಎಲ್ಲ ಸಲಹೆಗಳನ್ನೂ ಒಪ್ಪಬೇಕೆಂದಿಲ್ಲ, ಆದರೆ ಆ ಶೀರ್ಷಿಕೆಯಲ್ಲಿರುವ ಸತ್ಯವನ್ನು ಅಲ್ಲಗಳೆಯಲಾಗದು.

ಹಳ್ಳಿಯ ನುಡಿಗೆ ವ್ಯಾಕರಣವಿಲ್ಲವೆಂಬ ಮಾತನ್ನು ಇದೇ ಬೆಳಕಿನಲ್ಲಿ ಪರೀಕ್ಷಿಸಿರಿ. ‘ಮಾಡುತ್ತಿದ್ದೇನೆ’ ಎಂಬ ಗ್ರಂಥರೂಪವು ‘ಮಾಡುತ್ತ’ ಮತ್ತು ‘ಇದ್ದೇನೆ’ ಎಂಬ ಎರಡು ಪದಗಳ ಕೂಡಿಕೆ. ಧಾರವಾಡದ ಕಡೆಯ ‘ಮಾಡಾಕತ್ತೀನಿ’ ಎಂಬುದು ‘ಮಾಡಲಿಕ್ಕೆ ಹತ್ತಿದ್ದೇನೆ’ ಎಂಬುದರ ಕೂಡಿಕೆ. ಎರಡರಲ್ಲಿಯೂ ಸಹಾಯಕ ಕ್ರಿಯಾಪದವು ಮುಖ್ಯ ಕ್ರಿಯೆಗೆ ಬೆಸೆದುಕೊಂಡಿದೆ. ಮಾಡಾಕತ್ತಾನ, ಮಾಡಾಕತ್ತಾಳ, ಮಾಡಾಕತ್ತಾರ ಎಂದು ಪುರುಷ, ಲಿಂಗ, ವಚನಗಳಿಗೆ ಅನುಗುಣವಾಗಿ ಅದು ತಪ್ಪದೆ ನಡೆಯುತ್ತದೆ. ಆ ಸೀಮೆಯ ನಾಲ್ಕು ವರ್ಷದ ಕೂಸು ಕೂಡ ‘ನಾ ಮಾಡಾಕತ್ತಾಳ’ ಎನ್ನುವುದಿಲ್ಲ. ಇದು ವ್ಯಾಕರಣವಲ್ಲದೆ ಮತ್ತೇನು?

‘ಹ’ಕಾರವನ್ನು ನುಡಿಯದ ರೈತನನ್ನು ಕಂಡು ನಗುವವರು ಬಹಳ. ‘ಹಾಲು’ ಎನ್ನುವಲ್ಲಿ ‘ಆಲು’ ಎಂದನಂತೆ! ಆದರೆ ‘ಹಾಲು’ ಎಂಬುದಾದರೂ ಎಲ್ಲಿಂದ ಬಂತು? ಹಳಗನ್ನಡದಲ್ಲಿ ಅದು ‘ಪಾಲ್’. ತಮಿಳರೂ ತೆಲುಗರೂ ಇಂದಿಗೂ ಪಕಾರವನ್ನೇ ಉಳಿಸಿಕೊಂಡಿದ್ದಾರೆ. ಪಂಪನ ಕಾಲದ ಪಂಡಿತನೊಬ್ಬನು ಇಂದು ಎದ್ದು ಬಂದರೆ ನಗರದ ಪ್ರೊಫೆಸರರ ‘ಹಾಲ’ನ್ನು ಕೇಳಿಯೇ ಕಿವಿ ಮುಚ್ಚಿಕೊಂಡಾನು. ರೈತನು ಅದೇ ದಾರಿಯಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಗಿದ್ದಾನೆ, ಅಷ್ಟೆ. ಸ್ಪೇನ್ ದೇಶದಲ್ಲಿ ಸರಿಯಾಗಿ ಹೀಗೆಯೇ ಆಯಿತು. ಹಿಟ್ಟಿಗೆ ಲ್ಯಾಟಿನ್ನಿನಲ್ಲಿ ‘ಫರೀನಾ’ ಎಂದಿದ್ದುದು ಅಲ್ಲಿ ‘ಹರೀನಾ’ ಆಗಿ, ಕಾಲಕ್ರಮದಲ್ಲಿ ಹಕಾರವೂ ಸವೆದು ‘ಅರೀನಾ’ ಎಂಬ ಉಚ್ಚಾರಣೆ ನಿಂತಿತು. ಹಕಾರವು ಬರೆಹದಲ್ಲಿ ಮಾತ್ರ ಉಳಿದಿದೆ. ಅದನ್ನು ಯಾರೂ ಹರಿದುಹೋದ ಲ್ಯಾಟಿನ್ ಎನ್ನುವುದಿಲ್ಲ. ಕೋಟ್ಯಂತರ ಜನರ ಗೌರವದ ಭಾಷೆಯದು. ಹಾಗಾದರೆ ನಮ್ಮ ರೈತನ ದೋಷವೇನು? ಅವನ ನುಡಿಗೆ ರಾಜ್ಯವಿಲ್ಲ, ಸೈನ್ಯವಿಲ್ಲ, ಅಚ್ಚುಕೂಟವಿಲ್ಲ. ದೋಷ ಅಷ್ಟೇ.

ನುಡಿಯನ್ನು ಹೀನಾಯವೆಂದು ಕಂಡವರು ನುಡಿಗೆ ಮಾತ್ರ ನೋವು ಮಾಡಲಿಲ್ಲ, ಮನುಷ್ಯರಿಗೇ ಮಾಡಿದರು. 19ನೆಯ ಶತಮಾನದಲ್ಲಿ ವೇಲ್ಸಿನ ಹಲವು ಶಾಲೆಗಳಲ್ಲಿ ತಾಯ್ನುಡಿಯಾಡಿದ ಮಗುವಿನ ಕೊರಳಿಗೆ ಮರದ ತುಂಡೊಂದನ್ನು ಕಟ್ಟುತ್ತಿದ್ದರು. ಇನ್ನೊಂದು ಮಗು ಆ ನುಡಿಯಾಡಿದರೆ ಅದರ ಕೊರಳಿಗೆ ದಾಟುತ್ತಿತ್ತು. ದಿನದ ಕೊನೆಗೆ ಯಾರ ಕೊರಳಲ್ಲಿರುತ್ತಿತ್ತೋ ಅವರಿಗೆ ಶಿಕ್ಷೆ. 1880ರಲ್ಲಿ ಇಟಲಿಯ ಮಿಲಾನ್ ನಗರದಲ್ಲಿ ಕೂಡಿದ ಕಿವುಡರ ಶಿಕ್ಷಣದ ಸಮ್ಮೇಳನವು ಕೈಸನ್ನೆಯ ನುಡಿ ಬೇಡ, ಬಾಯ್ನುಡಿಯೇ ಇರಲಿ ಎಂದು ನಿರ್ಣಯಿಸಿತು. ಅದರ ಫಲವಾಗಿ ಹಲವು ದೇಶಗಳ ಕಿವುಡ ಮಕ್ಕಳು ದಶಕಗಳ ಕಾಲ ತಮಗೆ ಸಹಜವಾದ ನುಡಿಯಿಂದ ವಂಚಿತರಾದರು. ವಿಲಿಯಂ ಸ್ಟೋಕೀ ಎಂಬ ವಿದ್ವಾಂಸನು 1960ರಲ್ಲಿ ಅಮೆರಿಕದ ಸನ್ನೆನುಡಿಗೆ ತನ್ನದೇ ಆದ ಕಟ್ಟುಂಟೆಂದು ತೋರಿಸಿಕೊಡಬೇಕಾಯಿತು. ಮಿಲಾನಿನ ನಿರ್ಣಯಕ್ಕಾಗಿ ಅದೇ ಸಮ್ಮೇಳನವು ವಿಷಾದ ವ್ಯಕ್ತಪಡಿಸಿದ್ದು 2010ರಲ್ಲಿ, ವ್ಯಾಂಕೂವರಿನಲ್ಲಿ. ಅಷ್ಟರಲ್ಲಿ 130 ವರ್ಷಗಳು ಕಳೆದಿದ್ದವು.

ಅಮೆರಿಕದ ಆನ್ ಆರ್ಬರ್ ನಗರದ ಪ್ರಕರಣವಂತೂ ನಮ್ಮ ಶಿಕ್ಷಕರೆಲ್ಲರೂ ತಿಳಿಯತಕ್ಕದ್ದು. ಅಲ್ಲಿನ ಒಂದು ಶಾಲೆಯಲ್ಲಿ ಕಪ್ಪು ಜನಾಂಗದ ಬಡ ಮಕ್ಕಳು ಓದಿನಲ್ಲಿ ಹಿಂದುಳಿದಿದ್ದರು. ಅವರಲ್ಲಿ ಕೆಲವರಿಗೆ ಕಲಿಕೆಯ ನ್ಯೂನತೆಯುಳ್ಳವರೆಂಬ ಹಣೆಪಟ್ಟಿಯನ್ನೂ ಅಂಟಿಸಲಾಗಿತ್ತು. ತಾಯಂದಿರು ನ್ಯಾಯಾಲಯಕ್ಕೆ ಹೋದರು. ಆ ಮಕ್ಕಳ ಮನೆಮಾತು ಕೆಟ್ಟ ಇಂಗ್ಲಿಷ್ ಅಲ್ಲ, ನಿಯಮಬದ್ಧವಾದ ಇನ್ನೊಂದು ಇಂಗ್ಲಿಷ್ ಎಂದು ಭಾಷಾಶಾಸ್ತ್ರಜ್ಞರು ಸಾಕ್ಷ್ಯ ನುಡಿದರು. ಒಬ್ಬನು ಈಗ ಕೆಲಸ ಮಾಡುತ್ತಿದ್ದಾನೆ ಎಂಬುದಕ್ಕೂ, ಕೆಲಸ ಮಾಡುವುದು ಅವನ ರೂಢಿ ಎಂಬುದಕ್ಕೂ ಆ ನುಡಿಯ ಕ್ರಿಯಾಪದದಲ್ಲಿ ಖಚಿತವಾದ ಭೇದವಿದೆ. 1979ರಲ್ಲಿ ನ್ಯಾಯಾಧೀಶ ಚಾರ್ಲ್ಸ್ ಜಾಯ್ನರ್ ಅವರು ಮಕ್ಕಳ ಪರವಾಗಿ ತೀರ್ಪಿತ್ತರು. ಮನೆಮಾತಿನಲ್ಲಿಯೇ ಎಲ್ಲವನ್ನೂ ಕಲಿಸಿರೆಂದು ಅವರು ಹೇಳಲಿಲ್ಲ. ಶಿಕ್ಷಕರು ಆ ಮಾತನ್ನು ಗುರುತಿಸಿ, ಆ ತಿಳಿವಳಿಕೆಯ ಆಧಾರದಿಂದ ಶಿಷ್ಟ ಇಂಗ್ಲಿಷಿನ ಓದನ್ನು ಕಲಿಸಬೇಕೆಂದು ವಿಧಿಸಿದರು. ದಡ್ಡತನವಿದ್ದದ್ದು ಮಕ್ಕಳಲ್ಲಲ್ಲ, ಅವರನ್ನು ಕೇಳಿಸಿಕೊಳ್ಳಲಾರದ ಕಿವಿಗಳಲ್ಲಿ.

ಇಷ್ಟನ್ನು ಕೇಳಿ ಕೆಲವರು ಆಕ್ಷೇಪವೆತ್ತುವರು. ‘ಹಾಗಾದರೆ ತಪ್ಪೆಂಬುದೇ ಇಲ್ಲವೆ? ಗ್ರಂಥಭಾಷೆಯನ್ನು ಕಲಿಸುವುದೇ ಬೇಡವೆ?’ ತಪ್ಪು ಖಂಡಿತವಾಗಿಯೂ ಇದೆ. ಯಾವ ನುಡಿಯನ್ನು ಆಡಹೊರಟೆವೋ ಆ ನುಡಿಯ ನಿಯಮವನ್ನು ಮುರಿಯುವುದು ತಪ್ಪು. ಪರೀಕ್ಷೆಯ ಉತ್ತರದಲ್ಲಿ ‘ಮಾಡಾಕತ್ತೀನಿ’ ಎಂದು ಬರೆದರೆ ತಿದ್ದಬೇಕು. ಆದರೆ ‘ಇದು ಮನೆಯ ಮಾತು, ಗ್ರಂಥದಲ್ಲಿ ಹೀಗೆ ಬರೆಯುತ್ತಾರೆ’ ಎಂದು ತಿದ್ದುವುದು ಬೇರೆ. ‘ಇದು ದನ ಕಾಯುವವರ ಮಾತು’ ಎಂದು ತರಗತಿಯೆದುರು ನಗುವುದು ಬೇರೆ. ಮೊದಲನೆಯದು ವಿದ್ಯೆ, ಎರಡನೆಯದು ಹಿಂಸೆ. ಬೀದರಿನಿಂದ ಚಾಮರಾಜನಗರದ ವರೆಗೆ ಎಲ್ಲರೂ ಓದಿ ಅರಿಯುವ ಒಂದು ಶಿಷ್ಟ ಕನ್ನಡ ಬೇಕೇ ಬೇಕು. ಈ ಲೇಖನವೂ ಆ ಕನ್ನಡದಲ್ಲಿಯೇ ಇದೆ. ಶಿಷ್ಟ ಕನ್ನಡವನ್ನು ಮಗುವಿಗೆ ಕೊಡಬೇಕು. ಅದಕ್ಕೆ ಬದಲಾಗಿ ತಾಯಿಯ ಮಾತನ್ನು ಕಿತ್ತುಕೊಳ್ಳಬಾರದು. ಯರ್ವಾಣತರ್ವಾಣರು ಎರಡನ್ನೂ ಇಟ್ಟುಕೊಂಡಿರಲಿಲ್ಲವೆ?

ಇದಕ್ಕೆ ವಿರುದ್ಧವಾದ ಇನ್ನೊಂದು ಅತಿರೇಕದ ಬಗೆಗೂ ಎಚ್ಚರ ಬೇಕು. ಇಂಗ್ಲಿಷಿನವನು ತಾನೇ ಹಸಿದಿದ್ದೇನೆ ಎನ್ನುವಲ್ಲಿ ಕನ್ನಡಿಗನು ‘ನನಗೆ ಹಸಿವಾಗಿದೆ’ ಎನ್ನುತ್ತಾನೆ. ಆದುದರಿಂದ ನಮ್ಮ ಭಾಷೆಯೇ ಅಹಂಕಾರವಿಲ್ಲದ್ದು, ಅಧ್ಯಾತ್ಮಕ್ಕೆ ಹುಟ್ಟಿದ್ದು ಎಂದು ಉಪನ್ಯಾಸ ಮಾಡುವವರಿದ್ದಾರೆ. ಕೇಳಲು ಹಿತವಾಗಿದೆ, ಆದರೆ ನಿಜವಲ್ಲ. ‘ನನಗೆ’ ಎಂದು ಹೇಳುವ ನಮ್ಮಲ್ಲಿ ಅಹಂಕಾರವೇನು ಕಡಿಮೆಯೆ? ಅಮೆರಿಕದ ಹೋಪಿ ಜನರ ಭಾಷೆಯಲ್ಲಿ ಕಾಲದ ಕಲ್ಪನೆಯೇ ನಮ್ಮಂತಿಲ್ಲವೆಂದು ಬೆಂಜಮಿನ್ ವೋರ್ಫ್ ಎಂಬುವನು 1930ರ ದಶಕದಲ್ಲಿ ಬರೆದು ಪ್ರಸಿದ್ಧನಾದನು. ಎಕ್ಕೆಹಾರ್ಟ್ ಮಲೋಟ್ಕಿ ಎಂಬ ವಿದ್ವಾಂಸನು 1983ರಲ್ಲಿ ದೊಡ್ಡ ಗ್ರಂಥವೊಂದನ್ನು ಪ್ರಕಟಿಸಿ, ಆ ಭಾಷೆಯಲ್ಲಿ ಕಾಲವನ್ನು ಹೇಳುವ ರೀತಿಗಳು ಹೇರಳವಾಗಿವೆಯೆಂದು ನೂರಾರು ಉದಾಹರಣೆಗಳಿಂದ ತೋರಿಸಿದನು. ಪ್ರತ್ಯಯಗಳನ್ನು ಎಣಿಸಿ ಜನರ ಮನಸ್ಸನ್ನು ಅಳೆಯಹೊರಟರೆ ಮೋಸ ಹೋಗುತ್ತೇವೆ. ನಮ್ಮ ನುಡಿ ಕೀಳೆಂಬುದು ಎಷ್ಟು ಸುಳ್ಳೋ, ನಮ್ಮ ನುಡಿಯೇ ಮೇಲೆಂಬುದೂ ಅಷ್ಟೇ ಸುಳ್ಳು.

ಈ ವಿಚಾರವನ್ನು ಮಠದ ಪತ್ರಿಕೆಯಲ್ಲಿ ಏಕೆ ಬರೆಯಬೇಕೆಂದು ಕೇಳುವಿರಾದರೆ ಉತ್ತರವಿಷ್ಟೆ. 12ನೆಯ ಶತಮಾನದ ಕಲ್ಯಾಣದಲ್ಲಿ ಶಾಸ್ತ್ರದ ಭಾಷೆ ಸಂಸ್ಕೃತವಾಗಿತ್ತು. ಶರಣರು ಅದನ್ನು ಅರಿಯದವರೇನಲ್ಲ. ಅರಿತವರೂ ಕೂಡ ಜನರ ಕನ್ನಡವನ್ನೇ ಆರಿಸಿಕೊಂಡರು. ಮಡಿವಾಳ ಮಾಚಿದೇವರು, ಅಂಬಿಗರ ಚೌಡಯ್ಯನವರು, ಆಯ್ದಕ್ಕಿ ಲಕ್ಕಮ್ಮನವರು ತಂತಮ್ಮ ಬದುಕಿನ ಭಾಷೆಯನ್ನು ಅನುಭಾವಕ್ಕೆ ತಂದರು. ಅಗಸರ ಕಲ್ಲಿನ ಮಾತು, ದೋಣಿಯ ಮಾತು, ಅಕ್ಕಿ ಆಯುವವರ ಮಾತು ಶಿವನಿಗೆ ಮುಟ್ಟುವುದಿಲ್ಲವೆಂದು ಅನುಭವ ಮಂಟಪದಲ್ಲಿ ಯಾರೂ ತಡೆಯಲಿಲ್ಲ. ಶರಣರು ಪಂಚಸೂತಕಗಳನ್ನು ನಿರಾಕರಿಸಿದರು. ಅವರ ವಾರಸುದಾರರೆಂದು ಹೇಳಿಕೊಳ್ಳುವ ನಾವು ನುಡಿಸೂತಕವೆಂಬ ಆರನೆಯದೊಂದನ್ನು ಹೊಸದಾಗಿ ಹುಟ್ಟುಹಾಕಬಹುದೆ? ನುಡಿಯನ್ನು ಕೇಳಿ ಮನುಷ್ಯನ ಮೇಲುಕೀಳನ್ನು ನಿರ್ಣಯಿಸುವುದು, ಕುಲವನ್ನು ಕೇಳಿ ನಿರ್ಣಯಿಸುವುದರ ಇನ್ನೊಂದು ವೇಷವಲ್ಲದೆ ಬೇರೇನೂ ಅಲ್ಲ. ಹಳ್ಳಿಯ ಹುಡುಗನ ಮಾತಿಗೆ ನಗುವವನು ಬಹಳ ಸಲ ನಗುವುದು ಅವನ ಮಾತಿಗಲ್ಲ, ಅವನ ತಂದೆಯ ಕಾಯಕಕ್ಕೆ.

ಆದುದರಿಂದ ಭಕ್ತರಲ್ಲಿಯೂ, ಮಠದ ಶಾಲೆ ಮತ್ತು ಪ್ರಸಾದನಿಲಯಗಳಲ್ಲಿ ಓದಿ ಇಂದು ಶಿಕ್ಷಕರಾಗಿ, ಅಧಿಕಾರಿಗಳಾಗಿ ದೇಶವಿದೇಶಗಳಲ್ಲಿರುವ ಹಳೆಯ ವಿದ್ಯಾರ್ಥಿಗಳಲ್ಲಿಯೂ ನಮ್ಮ ಆಗ್ರಹವಿದು. ಶಾಲೆಗೆ ಬಂದ ಮಗುವಿನ ಮೊದಲ ಮಾತಿಗೆ ಯಾರೂ ನಗದಿರಲಿ, ನಗಗೊಡದಿರಲಿ. ಸಂದರ್ಶನಕ್ಕೆ ಬಂದ ಬಡ ಅಭ್ಯರ್ಥಿಯ ಉಚ್ಚಾರಣೆಯನ್ನು ಅಳೆಯುವ ಮೊದಲು ಅವನ ವಿಚಾರವನ್ನು ಅಳೆಯಿರಿ. ಪಟ್ಟಣ ಸೇರಿದ ಮಕ್ಕಳು, ಊರಿನಿಂದ ಬಂದ ಅಜ್ಜಿಯ ಮಾತನ್ನು ಅತಿಥಿಗಳೆದುರು ತಿದ್ದುವುದನ್ನು ನಿಲ್ಲಿಸಿರಿ. ತೆಲುಗು, ಮರಾಠಿ, ಉರ್ದು, ತುಳು, ಲಂಬಾಣಿ ಮನೆಮಾತಿನ ಮಕ್ಕಳು ನಮ್ಮ ಶಾಲೆಗಳಲ್ಲಿದ್ದಾರೆ. ಅವರ ನುಡಿಗೂ ಇದೇ ಗೌರವ ಸಲ್ಲಬೇಕು. ಲೋಕದ 7000 ನುಡಿಗಳಲ್ಲಿ ವ್ಯಾಕರಣವಿಲ್ಲದ್ದು ಒಂದೂ ಇಲ್ಲ. ಇದನ್ನು ಅರಿತ ಮೇಲೆಯೂ ಒಂದು ಕೂಸು ತನ್ನ ತಾಯಿಯ ಮಾತಿಗಾಗಿ ನಮ್ಮ ಶಾಲೆಯಲ್ಲಿ ತಲೆ ತಗ್ಗಿಸಿ ನಿಂತರೆ ಆ ಅಪರಾಧ ನಮ್ಮದು.